ಎಂಟು ಗಂಟೆಗೆ ಅಳೆದ ಮಳೆ

ಬೌರಿಂಗ್‌ಪೇಟೆ ಕಡೆಯಿಂದ ಬರುವ ಚಿಕ್ಕ ರೈಲು ಸಂಜೆ ಐದರ ಸುಮಾರಿಗೆ ಶ್ರೀನಿವಾಸಪುರಕ್ಕೆ ಮದರಾಸಿನ ಪತ್ರಿಕೆಯನ್ನು ತರುತ್ತಿತ್ತು. ಬೇರೆಯವರು ಮೊದಲ ಪುಟ ನೋಡಿದರೆ, ಸ್ಟೇಷನ್ನಿನ ಹುಣಸೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತ ನಾವು ಮೂವರು ಒಳಪುಟದ ಮೂಲೆಯಲ್ಲಿದ್ದ ಹವೆಯ ಸುದ್ದಿಯನ್ನು ಓದುತ್ತಿದ್ದೆವು. ಸಮುದ್ರದಲ್ಲಿ ಎಲ್ಲಿ ಗಾಳಿ ಸುತ್ತಿಕೊಂಡಿದೆ, ಯಾವ ಕಡೆಗೆ ಹೊರಟಿದೆ ಎಂಬುದು ನಾಲ್ಕು ಸಾಲಿನಲ್ಲಿ ಇರುತ್ತಿತ್ತು. ಯುದ್ಧ ಶುರುವಾದ ಮೇಲೆ ಆ ನಾಲ್ಕು ಸಾಲು ಬರುವುದು ನಿಂತುಹೋಯಿತು. ಶತ್ರುವಿನ ವಿಮಾನಗಳಿಗೆ ಉಪಯೋಗವಾಗುತ್ತದೆಂದು ನಿಲ್ಲಿಸಿದ್ದಾರೆ ಎಂದು ಹೇಳಿದರು. ನಾನು ಆಗ ಅಲ್ಲಿನ ಶಾಲೆಗೆ ಹೊಸದಾಗಿ ಬಂದಿದ್ದ ಮೇಷ್ಟ್ರು. ಊರು ಹುತ್ತೂರು, ಶ್ರೀನಿವಾಸಪುರದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ.

ಪತ್ರಿಕೆ ಹೇಳದಿದ್ದರೆ ನಾವೇ ಹೇಳೋಣ ಎಂದವರು ನಿವೃತ್ತ ಹೆಡ್ ಮೇಷ್ಟ್ರು. ಅವರ ಮನೆಯ ಹಜಾರದ ಗೋಡೆಯ ಮೇಲೆ ಗಾಳಿಯ ಒತ್ತಡ ತೋರಿಸುವ ಒಂದು ಬೆರೋಮೀಟರು ಇತ್ತು. ಯಾರೋ ಬಿಳಿ ದೊರೆ ತನ್ನ ಊರಿಗೆ ಹೊರಟಾಗ ಹರಾಜಿನಲ್ಲಿ ಹಿಡಿದದ್ದು. ನೋಡಲು ಗಡಿಯಾರದ ಹಾಗೆಯೇ ಇದ್ದುದರಿಂದ, ಗಂಟೆ ಹೊಡೆಯದ ಗಡಿಯಾರ ಎಂದು ಬೀದಿಯ ಹೆಂಗಸರು ಅದಕ್ಕೆ ಹೆಸರಿಟ್ಟಿದ್ದರು. ದಿನಕ್ಕೆ ಮೂರು ಸಲ ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ, ಮುಳ್ಳು ಎತ್ತ ಹೋಯಿತೆಂದು ನೋಡಿ, ಬೆಂಚಿಗೆ ಬಂದು ವರದಿ ಕೊಡುತ್ತಿದ್ದರು.

ಮೂರನೆಯವರು ರಾಯಲ್ಪಾಡಿನ ತಾತ. ವಯಸ್ಸಿನಲ್ಲಿ ಗಾಡಿ ಹೊಡೆದುಕೊಂಡು ಘಟ್ಟ ಇಳಿದು ಮದನಪಲ್ಲಿ, ಚಿತ್ತೂರು ಎಂದು ತಿರುಗಿದವರು. ಈಗ ಸ್ಟೇಷನ್ನಿನ ಹಿಂದಿದ್ದ ಮಾವಿನ ತೋಪಿನ ಕಾವಲು. ಮನೆಮಾತು ತೆಲುಗು, ನಮ್ಮೊಡನೆ ಆಡುತ್ತಿದ್ದುದು ಅರ್ಧ ತೆಲುಗಿನ ಕನ್ನಡ. ಹೆಡ್ ಮೇಷ್ಟ್ರನ್ನು ಅಯ್ಯವಾರೂ ಎನ್ನುತ್ತಿದ್ದರು, ನನ್ನನ್ನು ನಾಯನಾ. ಬೆಂಚಿನ ಮೇಲೆ ಕೂರದೆ ಎದುರಿನ ಬೇರಿನ ಮೇಲೆ ಪೂರ್ವಕ್ಕೆ ಮುಖಮಾಡಿ ಕೂರುತ್ತಿದ್ದರು. ಅವರ ಮಾತಿಗೆ ಯಾವ ಸಾಮಾನಿನ ಆಧಾರವೂ ಇರಲಿಲ್ಲ. ಕಾಗೆ ಕಡ್ಡಿ ಎತ್ತಿಕೊಂಡು ಹೋದ ಕೊಂಬೆ, ಎತ್ತಿನ ಮೈಯ ಕೂದಲು, ಚಂದ್ರನ ಸುತ್ತ ಕಟ್ಟಿದ ಬೆಳಕಿನ ಕೊಳ, ಇಂಥವು.

ಕಾರ್ತಿಕದಲ್ಲಿ ಏಳುವ ಈ ಗಾಳಿ ನಮ್ಮ ಸೀಮೆಗೆ ಒಂದೇ ರೂಪದಲ್ಲಿ ಬರುವುದಿಲ್ಲ. ಸಮುದ್ರದ ಮೇಲೆ ಹುಟ್ಟಿ, ಘಟ್ಟ ಹತ್ತುವಷ್ಟರಲ್ಲಿ ಅದರ ಕೊಬ್ಬು ಅರ್ಧ ಕರಗಿರುತ್ತದೆ. ಮರ ಕೀಳುವುದು ಅಪರೂಪ. ಆದರೆ ಮೂರು ದಿನ ಬಿಡದ ಶೀತಗಾಳಿ, ಜಡಿಮಳೆ. ಮುಳಬಾಗಿಲಿಗೆ ಮೊದಲು ತಗಲುತ್ತದೆ. ಹುತ್ತೂರಿನಲ್ಲಿ ಹಿಪ್ಪುನೇರಳೆ ಸೊಪ್ಪು ಒದ್ದೆಯಾಗಿ, ಅದನ್ನು ತಿಂದ ರೇಷ್ಮೆಹುಳು ಕಾಯಿಲೆ ಬಿದ್ದು ಸಾಯುತ್ತದೆ. ಕ್ಯಾಲನೂರಿನಲ್ಲಿ ಎಮ್ಮೆಗಳು ಹಾಲು ಕಡಿಮೆ ಮಾಡುತ್ತವೆ. ಮಾಲೂರಿನಲ್ಲಿ ಸುಡದೆ ಹರಡಿದ ಹಸಿ ಹೆಂಚು ಮತ್ತೆ ಮಣ್ಣಾಗುತ್ತದೆ. ನಮ್ಮಲ್ಲಿ ಮಾವಿನ ಕೊಂಬೆ ಮುರಿಯುತ್ತದೆ, ರಾಗಿ ಕೆಡುತ್ತದೆ. ಇದನ್ನೆಲ್ಲ ತಿಳಿಯಲು ನಾನು ಕಾರ್ಡು ಬರೆದು ತರಿಸುತ್ತಿದ್ದೆ. ಹುತ್ತೂರಿನಿಂದ ಅಣ್ಣ, ಮಾಲೂರಿನಿಂದ ಮಾವ, ಮುಳಬಾಗಿಲಿನಿಂದ ನನ್ನ ಜೊತೆ ಓದಿದ ಒಬ್ಬ ಸ್ನೇಹಿತ ಬರೆಯುತ್ತಿದ್ದರು. ಯಾವ ಹೊತ್ತಿಗೆ ಗಾಳಿ ಬಂತು, ಯಾವ ದಿಕ್ಕಿನಿಂದ ಎಂಬ ಎರಡೇ ಪ್ರಶ್ನೆ. ಅತ್ತೆ ಆ ಕಾರ್ಡುಗಳನ್ನು ನನ್ನ ಕೈಗೆ ಕೊಡುವಾಗಲೆಲ್ಲ, ಮಳೆ ಬಂದುಹೋಗಿ ಬಟ್ಟೆ ಒಣಗಿದ ಮೇಲೆ ನಿಮ್ಮ ಮಳೆ ಬರುತ್ತದಲ್ಲೋ ಎನ್ನುತ್ತಿದ್ದಳು.

ನನ್ನ ಕೆಲಸ ಲೆಕ್ಕ. ಒಂದು ಉದ್ದ ನೋಟುಪುಸ್ತಕದಲ್ಲಿ ಗೆರೆ ಹಾಕಿ ನಾಲ್ಕು ಮನೆ ಮಾಡಿಕೊಂಡಿದ್ದೆ. ಮೊದಲ ಮನೆಯಲ್ಲಿ ಬೆಂಚಿನ ಮೇಲೆ ಮಾತಾಡಿದ ದಿನದ ತಾರೀಖು, ಎರಡನೆಯದರಲ್ಲಿ ಹೆಡ್ ಮೇಷ್ಟ್ರು ಮಳೆ ಯಾವತ್ತು ಎಂದರು, ಮೂರನೆಯದರಲ್ಲಿ ತಾತ ಯಾವತ್ತು ಎಂದರು, ನಾಲ್ಕನೆಯದರಲ್ಲಿ ನಿಜವಾಗಿ ಯಾವತ್ತು ಬಂತು. ನಾಲ್ಕನೆಯ ಮನೆಯನ್ನು ಭಾನುವಾರಗಳಂದು ತುಂಬುತ್ತಿದ್ದೆ. ತಾಲ್ಲೂಕು ಕಚೇರಿಯ ವರಾಂಡದಲ್ಲಿ ಒಂದು ಕರಿಹಲಗೆ. ಅದರ ಮೇಲೆ ವಾರದ ತಾರೀಖುಗಳೂ ಅವುಗಳ ಎದುರು ಇಂಚು ಸೆಂಟಿನಲ್ಲಿ ಮಳೆಯೂ ಇರುತ್ತಿತ್ತು. ಅದನ್ನು ನೋಡಿ ಬರೆದುಕೊಂಡು ಬಂದು, ಹೇಳಿದ ತಾರೀಖಿಗೂ ಬಂದ ತಾರೀಖಿಗೂ ತಾಳೆಯಾದರೆ ಒಂದು, ಆಗದಿದ್ದರೆ ಸೊನ್ನೆ. ಯಾರ ಮುಖವನ್ನೂ ನೋಡದ ಲೆಕ್ಕವೆಂದು ನನಗೆ ಹೆಮ್ಮೆಯಿತ್ತು.

ಹೆಡ್ ಮೇಷ್ಟ್ರು ಹೆಚ್ಚುಕಡಿಮೆ ಯಾವಾಗಲೂ ನಾಳೆ ಎನ್ನುತ್ತಿದ್ದರು. ಗಾಳಿ ಘಟ್ಟ ಹತ್ತಲು ಒಂದು ದಿನ ಬೇಕು ಎಂಬುದು ಅವರ ಸಿದ್ಧಾಂತ. ತಾತ ಹೆಚ್ಚಾಗಿ ಇವತ್ತು ರಾತ್ರಿ ಎನ್ನುತ್ತಿದ್ದರು. ನಾನು ಹೇಳುತ್ತಿರುವ ವರ್ಷ, ವಿಶಾಖ ಮಳೆ ಮುಗಿಯುವ ಹೊತ್ತಿಗೆ ಪುಸ್ತಕದಲ್ಲಿ ಹತ್ತೊಂಬತ್ತು ಸಾಲುಗಳಾಗಿದ್ದವು. ಹೆಡ್ ಮೇಷ್ಟ್ರಿಗೆ ಹದಿಮೂರು, ತಾತನಿಗೆ ನಾಲ್ಕು. ಈ ಮೊತ್ತವನ್ನು ತಾತನಿಗೆ ಯಾರೂ ಹೇಳಲಿಲ್ಲ. ಅವರಿಗೆ ಓದು ಬರುತ್ತಿರಲಿಲ್ಲ.

ಅತ್ತೆಯ ಹೊಲ ಊರಾಚೆ, ಕೆರೆಯ ಆ ಬದಿಗೆ. ಮಾವ ಮಾಲೂರಿನಲ್ಲಿ ಹೆಂಚಿನ ಭಟ್ಟಿಯೊಂದರಲ್ಲಿ ಬರವಣಿಗೆ ಕೆಲಸಕ್ಕಿದ್ದು ತಿಂಗಳಿಗೊಮ್ಮೆ ಬರುತ್ತಿದ್ದುದರಿಂದ, ಉಳುಮೆಯಿಂದ ಕುಯಿಲಿನವರೆಗೆ ಎಲ್ಲ ಅವಳದೇ. ಆ ವರ್ಷ ರಾಗಿ ಚೆನ್ನಾಗಿ ಬಂದಿತ್ತು. ಅಂಗಡಿಯಲ್ಲಿ ಕಾಳು ಸಿಗದ ಕಾಲ. ಹೊಲದಲ್ಲಿ ನಿಂತದ್ದೇ ಮನೆಗೆ ವರ್ಷದ ಮುದ್ದೆ, ಅದರಲ್ಲೇ ಮುಂದಿನ ಬಿತ್ತನೆ. ಅನೂರಾಧ ಮಳೆಯ ಒಂದು ಮಂಗಳವಾರ ಮತ್ತು ಬುಧವಾರ, ಆಳುಗಳನ್ನು ಕೂಡಿಸಿ ಅಷ್ಟನ್ನೂ ಕುಯ್ಯಿಸಿದಳು. ಕುಯ್ದ ರಾಗಿಯನ್ನು ತಕ್ಷಣ ಒಟ್ಟುವಂತಿಲ್ಲ. ಸಾಲುಸಾಲಾಗಿ ನೆಲದ ಮೇಲೆ ಹರಡಿ ಅರಿ ಬಿಟ್ಟು, ಮೂರು ನಾಲ್ಕು ದಿನ ಬಿಸಿಲು ಕಾಣಿಸಿ, ಆಮೇಲೆ ಕಂತೆ ಕಟ್ಟಿ ಮೆದೆ ಹಾಕಬೇಕು. ಹಸಿಯಾಗಿ ಒಟ್ಟಿದರೆ ಒಳಗೇ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ನೆಲದ ಮೇಲಿದ್ದಾಗ ಮಳೆ ಬಂದರೆ ತೆನೆಯಲ್ಲೇ ಮೊಳೆಯುತ್ತದೆ.

ಗುರುವಾರ ಮಧ್ಯಾಹ್ನ ಪೂರ್ವದಲ್ಲಿ, ಬಹಳ ಎತ್ತರದಲ್ಲಿ, ಹಿಂಜಿದ ಅರಳೆಯಂಥ ಮೋಡ ಕಾಣಿಸಿತು. ಸೆಕೆ ವಿಪರೀತವಾಗಿತ್ತು. ಶಾಲೆ ಬಿಟ್ಟು ಬರುವಾಗ ತೋಪಿನ ಬೇಲಿಯ ಹತ್ತಿರ ತಾತ ನನ್ನನ್ನು ನಿಲ್ಲಿಸಿ, ಅತ್ತೆಯ ರಾಗಿ ಎಲ್ಲಿದೆ ಎಂದು ಕೇಳಿದರು. ಅರಿ ಬಿಟ್ಟಿದೆ ಎಂದೆ.

“ಎತ್ತಿಸು ನಾಯನಾ. ಅರ್ಧ ಒಣಗಿದ್ರೂ ಪರವಾಗಿಲ್ಲ, ತೆನೆ ಒಳಕ್ಕೆ ಮಾಡಿ ಸಣ್ಣ ಗುಪ್ಪೆ ಹಾಕಿಸಿ ಮೇಲೆ ಹುಲ್ಲು ಹೊದ್ದಿಸು. ಈ ರಾತ್ರಿಗೇ ಗಾಳಿವಾನ ಬಂದ್ಬಿಡ್ತದೆ.”

ಗಾಳಿಮಳೆಗೆ ಅವರ ಮಾತು ಅದು. ನಾನು ಅಲ್ಲಿಂದ ಹೆಡ್ ಮೇಷ್ಟ್ರ ಮನೆಗೆ ಹೋದೆ. ಅವರು ಬೆರೋಮೀಟರನ್ನು ತಟ್ಟಿ ತೋರಿಸಿದರು. ಮುಳ್ಳು ಇಳಿದಿತ್ತು, ಆದರೆ ನಿಧಾನವಾಗಿ. ಬರುವುದು ಖಂಡಿತ, ಆದರೆ ನಾಳೆ ಸಂಜೆಯ ಮೇಲೆ. ನಾಳೆಯ ಬಿಸಿಲು ಪೂರ್ತಿ ಸಿಗುತ್ತದೆ, ಆ ಒಂದು ಬಿಸಿಲು ಕಾಣಿಸಿ ಎತ್ತಿದರೆ ಮೆದೆ ಕೆಡುವುದಿಲ್ಲ ಎಂದರು. ಮಾತಿನಲ್ಲಿ ಅಹಂಕಾರವಿರಲಿಲ್ಲ. ಅವರಿಗೂ ಅತ್ತೆಯ ರಾಗಿಯ ಚಿಂತೆಯೇ ಇತ್ತು.

ಅತ್ತೆ ಹಿತ್ತಲಲ್ಲಿ ಬೆರಣಿ ತಟ್ಟುತ್ತಿದ್ದಳು. ಇಬ್ಬರು ಹೇಳಿದ್ದನ್ನೂ ಹೇಳಿದೆ. ಕೈ ತೊಳೆದುಕೊಳ್ಳದೆ ಸ್ವಲ್ಪ ಹೊತ್ತು ಪೂರ್ವದ ಕಡೆ ನೋಡಿದಳು. ಎತ್ತಿಸಬೇಕಾದರೆ ಆಗಲೇ ಆಳುಗಳಿಗೆ ಹೇಳಿ ಕಳಿಸಬೇಕಿತ್ತು, ಕತ್ತಲಾಗಲು ಎರಡು ಗಂಟೆ ಮಾತ್ರ ಉಳಿದಿತ್ತು.

“ವರ್ಷವೆಲ್ಲ ಗೀಚಿದ್ದೀಯಲ್ಲೋ,” ಎಂದಳು. “ನಿನ್ನ ಪುಸ್ತಕ ಯಾರ ಕಡೆಗೈತೆ?”

ನಾನು ಒಳಗೆ ಹೋಗಿ ನೋಡುವ ಅಗತ್ಯವೇ ಇರಲಿಲ್ಲ. ಹದಿಮೂರು, ನಾಲ್ಕು ಎಂದೆ. ಹಾಗಾದರೆ ನಾಳೆ ಒಂದು ಬಿಸಿಲು ಕಾಣಲಿ ಎಂದು ಅವಳು ಮತ್ತೆ ಬೆರಣಿಗೆ ಕೈ ಹಾಕಿದಳು.

ದೀಪ ಹಚ್ಚುವ ಹೊತ್ತಿಗೆ ಗಾಳಿ ಈಶಾನ್ಯಕ್ಕೆ ತಿರುಗಿತು. ಊಟಕ್ಕೆ ಕೂತಾಗ ಹೆಂಚಿನ ಮೇಲೆ ಮೊದಲ ಹನಿಗಳು ಬಿದ್ದವು. ಅತ್ತೆ ಬಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ.

ಶುಕ್ರವಾರ ಬೆಳಗ್ಗೆ ಗೋಣಿಚೀಲ ಮಡಿಸಿ ತಲೆಗೆ ಹಾಕಿಕೊಂಡು ಇಬ್ಬರೂ ಹೊಲಕ್ಕೆ ಹೋದೆವು. ಸಾಲುಗಳ ನಡುವೆ ನೀರು ನಿಂತಿತ್ತು. ಅರಿಗಳು ನೆಲಕ್ಕೆ ಅಂಟಿಕೊಂಡಿದ್ದವು. ಅಡ್ಡಗಾಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಅತ್ತೆ ಒಂದು ಹಿಡಿ ತೆನೆ ಎತ್ತಿ, ಹಿಂಡಿ, ಮತ್ತೆ ಅದರ ಜಾಗದಲ್ಲೇ ಇಟ್ಟಳು. ಆ ಮಳೆಯಲ್ಲಿ ಮಾಡುವುದಕ್ಕೆ ಏನೂ ಇರಲಿಲ್ಲ. ಅವಳನ್ನು ಮನೆಯ ತಿರುವಿನಲ್ಲಿ ಬಿಟ್ಟು ನಾನು ಕಚೇರಿಯ ದಾರಿಯಲ್ಲಿ ಬಂದೆ. ಆ ದಾರಿಯೇ ಏಕೆ ಹಿಡಿದೆನೋ ಗೊತ್ತಿಲ್ಲ. ಬಹುಶಃ ಎಷ್ಟು ಇಂಚು ಎಂದು ತಿಳಿಯುವ ಚಟ.

ಕಚೇರಿಯ ಗಡಿಯಾರ ಎಂಟು ಹೊಡೆಯಿತು. ಜವಾನ ಕೊಡೆ ಹಿಡಿದು ಹಿತ್ತಲಿನ ತಂತಿಬೇಲಿಯೊಳಗೆ ಹೋಗಿ, ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ವರಾಂಡಕ್ಕೆ ಬಂದು ಹಲಗೆಯ ಮೇಲೆ ಬರೆದ. ಶುಕ್ರವಾರದ ತಾರೀಖಿನ ಎದುರು ಬರೆದ. ಗುರುವಾರದ ಎದುರು ಸೊನ್ನೆ ಇತ್ತು.

ನಿನ್ನೆ ಸಂಜೆಯಿಂದ ಬಿದ್ದ ಮಳೆಯಲ್ಲವೇ ಎಂದು ಕೇಳಿದೆ. ಹೌದು ಸ್ವಾಮಿ, ಅಳೆಯುವುದು ಎಂಟಕ್ಕೆ, ಅಳೆದ ದಿನದ ತಾರೀಖಿಗೆ ಬರೆಯುವುದು, ಮೊದಲಿಂದಲೂ ಹಾಗೇ ಎಂದ. ಎಲ್ಲ ಊರಿನಲ್ಲೂ ಹಾಗೆಯೇ ಅಂತೆ. ಯಾರೂ ಮುಚ್ಚಿಟ್ಟ ವಿಷಯವಲ್ಲ. ನಾನು ಕೇಳಿರಲಿಲ್ಲ, ಅಷ್ಟೇ.

ನಮ್ಮ ಕಡೆ ಮುಂಗಾರಿನ ಕೊನೆಯಿಂದ ಕಾರ್ತಿಕದವರೆಗೆ ಮಳೆ ಬೀಳುವುದು ಹೆಚ್ಚಾಗಿ ಸಂಜೆಯ ಮೇಲೆ. ರಾತ್ರಿ ಬಿದ್ದದ್ದು ಹಲಗೆಯ ಮೇಲೆ ಮರುದಿನದ ಹೆಸರಿನಲ್ಲಿ ಬರುತ್ತದೆ. ಇವತ್ತು ರಾತ್ರಿ ಎಂದ ತಾತನಿಗೆ ನಾನು ಸೊನ್ನೆ ಕೊಟ್ಟಿದ್ದೆ. ನಾಳೆ ಎಂದ ಹೆಡ್ ಮೇಷ್ಟ್ರಿಗೆ ಒಂದು ಕೊಟ್ಟಿದ್ದೆ. ಅಂಥ ಎಷ್ಟೋ ಸಂಜೆ ನಾನೇ ನೆನೆದುಕೊಂಡು ಮನೆಗೆ ಓಡಿ ಬಂದಿದ್ದೇನೆ. ಆದರೆ ಭಾನುವಾರ ಬರುವಷ್ಟರಲ್ಲಿ ಯಾವ ಸಂಜೆ ಎಂಬುದು ಮರೆತಿರುತ್ತಿತ್ತು, ಮತ್ತು ಹಲಗೆಯ ಮೇಲಿದ್ದದ್ದು ನನ್ನ ನೆನಪಿಗಿಂತ ನಿಜವೆಂದು ನಾನು ತಿಳಿದಿದ್ದೆ.

ಮಧ್ಯಾಹ್ನ ಶಾಲೆಯಲ್ಲಿ, ಮಕ್ಕಳು ಅರ್ಧಕ್ಕರ್ಧ ಬಂದಿರಲಿಲ್ಲ, ಪುಸ್ತಕ ತೆಗೆದು ಪ್ರತಿಯೊಂದು ಸಾಲನ್ನೂ ಒಂದು ದಿನ ಹಿಂದಕ್ಕೆ ಸರಿಸಿ ನೋಡಿದೆ. ತಾತನಿಗೆ ಹದಿಮೂರು ಬಂತು. ಹೆಡ್ ಮೇಷ್ಟ್ರಿಗೆ ಐದು.

ಅದನ್ನು ಆ ದಿನ ಯಾರಿಗೂ ಹೇಳಲಿಲ್ಲ. ಶನಿವಾರವೂ ಹೇಳಲಿಲ್ಲ. ಶನಿವಾರ ಪೂರ್ತಿ ಮಳೆ. ಅತ್ತೆ ಒಲೆಯ ಮುಂದೆ ಕೂತು ಒಮ್ಮೊಮ್ಮೆ ಬಾಗಿಲಿಗೆ ಬಂದು ನೋಡಿ ಹೋಗುತ್ತಿದ್ದಳು. ಹೇಳಿದರೆ ರಾಗಿ ಒಣಗುವುದಿಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಆಗಿತ್ತು. ಆದರೆ ನಾನು ಬಾಯಿ ಮುಚ್ಚಿಕೊಂಡಿದ್ದದ್ದು ಆ ಕಾರಣಕ್ಕಲ್ಲ.

ಭಾನುವಾರ ಬೆಳಗ್ಗೆ ಮಳೆ ನಿಂತಿತು. ಒಂಬತ್ತರ ಹೊತ್ತಿಗೆ ಎಳೆಬಿಸಿಲೂ ಬಿತ್ತು. ಹೆಡ್ ಮೇಷ್ಟ್ರು ತಾವೇ ನಮ್ಮ ಜಗಲಿಗೆ ಬಂದು, ಮುಳ್ಳು ಏರುತ್ತಿದೆ, ಮುಗಿಯಿತು, ಈಗ ಅರಿಯನ್ನು ಮುಟ್ಟಬೇಡಿ, ಒದ್ದೆಯಲ್ಲಿ ಎತ್ತಿದರೆ ಕಾಳು ಉದುರುತ್ತದೆ, ಎರಡು ಬಿಸಿಲು ಬಿದ್ದರೆ ಮುಕ್ಕಾಲು ಉಳಿಯುತ್ತದೆ ಎಂದು ಹೇಳಿ ಹೋದರು. ಅತ್ತೆಯ ಮುಖ ಎರಡು ದಿನದ ಮೇಲೆ ಸ್ವಲ್ಪ ಸಡಿಲವಾಯಿತು. ಅವರು ತಿರುವಿನಲ್ಲಿ ಮರೆಯಾದ ಸ್ವಲ್ಪ ಹೊತ್ತಿಗೆ ತಾತ ಕಂಬಳಿ ಹೊದ್ದು ಬಂದರು. ಯಾರೂ ಕರೆದಿರಲಿಲ್ಲ.

“ಗಾಳಿ ಇನ್ನೂ ಮೂಡ್ಲಿಂದ್ಲೇ ಬರ್ತೈತಮ್ಮಾ. ಅದು ಅಗ್ನಿಮೂಲೆಗೆ ತಿರುಗೋವರೆಗೂ ಹೋಯ್ತು ಅನ್ನಂಗಿಲ್ಲ. ಸಾಯಂಕಾಲಕ್ಕೆ ಇನ್ನೊಂದ್ಸಲ ಬರ್ತದೆ. ಹುಲ್ಲು ಹಾಳಾಗಿ ಹೋಗ್ಲಿ, ತೆನೆ ಮಾತ್ರ ಕೊಯ್ಕೊಂಡು ಸೂರಿನ ಕೆಳಕ್ಕೆ ತಂದು ಹರಡು.”

ಹುಲ್ಲು ಹೋಗಲಿ ಎಂದರೆ ಎರಡು ಎತ್ತು ಒಂದು ಹಸುವಿಗೆ ಬೇಸಿಗೆಯ ಮೇವು ಹೋಗಲಿ ಎಂದ ಹಾಗೆ. ತೆನೆ ಕೊಯ್ಯಲು ಊರಿನ ಕೈಗಳೆಲ್ಲ ಬೇಕು. ಮಳೆ ಬಾರದಿದ್ದರೆ ಅಷ್ಟೂ ದಂಡ. ಅತ್ತೆ ತಾತನನ್ನು ನೋಡಿದಳು, ಆಕಾಶ ನೋಡಿದಳು, ಕೊನೆಗೆ ನನ್ನ ಕಡೆ ತಿರುಗಿದಳು. ಅವಳು ಕೇಳುವ ಮೊದಲೇ ಹೇಳಿಬಿಟ್ಟೆ. ಲೆಕ್ಕ ತಪ್ಪಾಗಿದೆ, ಹದಿಮೂರು ತಾತನದು, ಶುಕ್ರವಾರವೇ ಗೊತ್ತಾಯಿತು ಎಂದೆ. ಹಲಗೆಯ ವಿಷಯ ವಿವರಿಸಲು ಹೊರಟೆ.

“ಅದೆಲ್ಲ ಆಮೇಲೆ,” ಎಂದಳು. “ಮೊದ್ಲು ಹೋಗಿ ಆ ಮೇಷ್ಟ್ರಿಗೆ ಹೇಳಿ ಬಾ. ಬೇರೆಯೋರಿಂದ ಕೇಳಬಾರದು ಅವರು. ಬರ್ತಾ ಕುಡುಗೋಲು ಇದ್ದೋರ್ನೆಲ್ಲ ಕರ್ಕೊಂಡ್ ಬಾ.”

ಹೆಡ್ ಮೇಷ್ಟ್ರ ಮನೆಗೆ ಪುಸ್ತಕ ಹಿಡಿದೇ ಹೋದೆ. ಅವರು ಕನ್ನಡಕ ಹಾಕಿಕೊಂಡು, ಹಳೆಯ ಸಾಲು ಹೊಸ ಸಾಲು ಎರಡರ ಮೇಲೂ ಬೆರಳಾಡಿಸುತ್ತ ಕೆಳಗಿನವರೆಗೆ ಬಂದರು. ನಾನು ನಿಂತೇ ಇದ್ದೆ.

“ಕೂಡಿದ್ದೂ ತಪ್ಪು ಕಣಯ್ಯ,” ಎಂದರು. “ನನ್ನದು ಐದಲ್ಲ, ಆರು.”

ಆಮೇಲೆ ಎದ್ದು ಬೆರೋಮೀಟರಿನ ಹತ್ತಿರ ಹೋದರು, ತಟ್ಟಲಿಲ್ಲ. ಗಾಳಿ ಘಟ್ಟ ಹತ್ತಲು ಒಂದು ದಿನ ಬೇಕೆಂದು ಇಪ್ಪತ್ತು ವರ್ಷ ಹುಡುಗರಿಗೆ ಪಾಠ ಹೇಳಿದೆನಲ್ಲ ಎಂದು ತಮಗೇ ಎಂಬಂತೆ ಹೇಳಿಕೊಂಡರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಅದಕ್ಕೆ ಎಡೆಗೊಡದೆ, ಒಳಗೆ ಕೂಗಿ ಹಜಾರದ ಮಂಚವನ್ನೂ ಪೆಟ್ಟಿಗೆಗಳನ್ನೂ ತೆಗೆಸಿ ನೆಲ ಗುಡಿಸಲು ಹೇಳಿದರು. ಅತ್ತೆಯ ಮನೆಯಲ್ಲಿ ಅಷ್ಟು ತೆನೆಗೆ ಜಾಗ ಸಾಲದು ಎಂದು ಅವರಿಗೆ ನನಗಿಂತ ಮೊದಲೇ ಹೊಳೆದಿತ್ತು. ಟವೆಲನ್ನು ತಲೆಗೆ ಸುತ್ತಿಕೊಂಡು ನನ್ನ ಜೊತೆಯೇ ಹೊಲಕ್ಕೆ ಬಂದರು.

ಹತ್ತು ಗಂಟೆಯಿಂದ ನಾಲ್ಕರವರೆಗೆ ಕೆಸರಿನಲ್ಲಿ ಕೂತು ತೆನೆ ಕೊಯ್ದೆವು. ಹೆಡ್ ಮೇಷ್ಟ್ರಿಗೆ ಕುಡುಗೋಲು ಹಿಡಿದು ಅಭ್ಯಾಸವಿರಲಿಲ್ಲ. ತಾತ ಅವರ ಪಕ್ಕದ ಸಾಲು ಹಿಡಿದು, ಅಯ್ಯವಾರೂ ಬೆರಳು ಜೋಪಾನ, ನಾಳೆ ಮುಳ್ಳು ತಟ್ಟಕ್ಕೆ ಬೇಕಲ್ಲ ಎಂದಾಗ ಹೆಂಗಸರೆಲ್ಲ ನಕ್ಕರು. ಹೆಡ್ ಮೇಷ್ಟ್ರು ತಲೆಯೆತ್ತದೆ, ನೀನು ಗಾಳಿ ಕಾಯಿ, ನನ್ನ ಬೆರಳು ನಾನು ಕಾಯ್ತೀನಿ ಎಂದರು. ಒಂದಿಷ್ಟು ತೆನೆಗಳ ಬೆರಳುಗಳಿಂದ ಆಗಲೇ ಬಿಳಿಯ ಮೊಳಕೆ ಇಣುಕುತ್ತಿತ್ತು. ಅತ್ತೆ ಅವುಗಳನ್ನು ಬೇರೆ ಮಂಕರಿಗೆ ಹಾಕಿಸಿದಳು. ನಾನು ಮಂಕರಿ ಎಣಿಸಿದೆ: ಮೊಳೆಯದ್ದು ನಲವತ್ತೊಂದು, ಮೊಳೆತದ್ದು ಇಪ್ಪತ್ತಾರು. ಸುಮಾರು ಕಾಲುಭಾಗದ ಸಾಲುಗಳು ಕೊಯ್ಯದೆ ಉಳಿದವು. ಕೊನೆಯ ಮಂಕರಿ ಹೊತ್ತು ನಾವು ಕೆರೆಯ ಏರಿ ದಾಟುವಾಗ ಐದು ಗಂಟೆಯಾಗಿರಲಿಲ್ಲ, ಮಳೆ ಹಿಂದಿನಿಂದ ಬಂದು ಹಿಡಿಯಿತು. ಸೋಮವಾರ ಮಧ್ಯಾಹ್ನದವರೆಗೆ ಬಿಡಲಿಲ್ಲ. ಹೊಲದಲ್ಲಿ ಉಳಿದ ಸಾಲುಗಳು ದನಕ್ಕೂ ಬಾರದೆ ಹೋದವು.

ಆ ವಾರ ಬೆಂಚಿನ ಬಳಿ ತಾತ ನನ್ನನ್ನು ಕೇಳಿದರು, ವರ್ಷವೆಲ್ಲ ತಮ್ಮ ಮಾತಿನ ಎದುರು ನಾನು ಏನು ಬರೆಯುತ್ತಿದ್ದೆ ಎಂದು. ಸೊನ್ನೆ ಎಂದೆ. ಅವರಿಗೆ ಕೋಪ ಬರಲಿಲ್ಲ, ಆದರೆ ನಗಲೂ ಇಲ್ಲ. ಮಳೆ ಯಾವತ್ತು ಬಂತೂಂತ ನೆನೆದವನನ್ನ ಕೇಳಿದ್ದರೆ ಆಗುತ್ತಿತ್ತಲ್ಲ ನಾಯನಾ, ಗಾಜಿನ ಲೋಟವನ್ನು ಏಕೆ ಕೇಳಿದೆ ಎಂದರು. ನಾನು ಲೆಕ್ಕ ಬಿಡಲಿಲ್ಲ. ಐದನೆಯ ಮನೆಯೊಂದನ್ನು ಗೆರೆ ಹಾಕಿ, ಮಳೆ ಬೀಳುತ್ತಿರುವಾಗಲೇ ಹೊತ್ತು ಬರೆದುಕೊಳ್ಳಲು ಶುರುಮಾಡಿದೆ.

ತೆನೆ ಒಣಗಿ, ಬಡಿದು, ಕೇರಿ ಆದ ಮೇಲೆ ಅತ್ತೆ ಒಳ್ಳೆಯದನ್ನು ಕಾಳು ತುಂಬಿಡುವ ದೊಡ್ಡ ಮಣ್ಣಿನ ವಾಡೆಗೆ ಹಾಕಿ ಬಾಯಿಗೆ ಸಗಣಿ ಮಣ್ಣು ಮೆತ್ತಿದಳು. ಅದರಲ್ಲಿ ಬಿತ್ತನೆಯದೂ ಇತ್ತು. ಮೊದಲು ಕೆಟ್ಟದ್ದು ಮುಗಿಯಲಿ ಎಂಬುದು ಅವಳ ತೀರ್ಮಾನ. ಮೊಳೆತು ಒಣಗಿದ ರಾಗಿಯ ಹಿಟ್ಟಿಗೆ ಕಟ್ಟು ಬರುವುದಿಲ್ಲ. ಎಷ್ಟು ತಿರುವಿದರೂ ಮುದ್ದೆ ನಿಲ್ಲದೆ ತಟ್ಟೆಯಲ್ಲಿ ಹರಡಿ ಕೂರುತ್ತದೆ, ರುಚಿ ಸಿಹಿಗಟ್ಟಿರುತ್ತದೆ, ಕೈಗೆ ಅಂಟುತ್ತದೆ. ನಾವು ಅದನ್ನೇ ಉಂಡೆವು. ಮೇವಿಗೆ ಆ ಬೇಸಿಗೆ ಹುತ್ತೂರಿನಿಂದ ಅಣ್ಣ ಎರಡು ಗಾಡಿ ಹುಲ್ಲು ಕಳಿಸಿದ.

ಹಿಂದಿನ ತಿಂಗಳು ಭಟ್ಟಿಯ ಕೆಲಸದಿಂದ ಬರಲಾಗದಿದ್ದ ಮಾವ ಸಂಕ್ರಾಂತಿಗೆ ಮಾಲೂರಿನಿಂದ ಬಂದರು. ಮೊದಲ ತುತ್ತು ಮುರಿದು, ಬೆರಳುಗಳನ್ನು ನೋಡಿಕೊಂಡು, ಇದೇನು ಅಂಬಲಿಯೋ ಮುದ್ದೆಯೋ ಎಂದರು. ಕುಯ್ದ ರಾಗಿಯನ್ನು ಆ ಮೋಡದಲ್ಲಿ ನೆಲದ ಮೇಲೆ ಬಿಟ್ಟವರು ಯಾರು ಎಂದು ಕೇಳಿದರು. ಅವರು ಕೇಳಿದ್ದು ಅತ್ತೆಯನ್ನು.

“ನಾನೇ ಬಿಟ್ಟೆ,” ಎಂದಳು ಅತ್ತೆ. “ಇನ್ನೊಂದು ಬಿಸಿಲು ಕಾಣ್ಲಿ ಅಂತ.”

ಅವಳು ನನ್ನ ಕಡೆ ನೋಡಲಿಲ್ಲ. ಸಾರಿನ ಸೌಟು ಹಿಡಿದು ಮಾವನ ತಟ್ಟೆಯನ್ನೇ ನೋಡುತ್ತಿದ್ದಳು. ನನ್ನ ಬಾಯಲ್ಲಿ ತುತ್ತಿತ್ತು. ನುಂಗಿ, ಇಲ್ಲ ಮಾವ, ಬಿಡಿ ಅಂದದ್ದು ನಾನು ಎಂದೆ. ಲೆಕ್ಕವನ್ನೂ ಕರಿಹಲಗೆಯನ್ನೂ ಎಂಟು ಗಂಟೆಯನ್ನೂ ಹೇಳಿದೆ. ಹೇಳುತ್ತ ಹೋದಂತೆ ಅದು ಎಷ್ಟು ಸಣ್ಣ ವಿಷಯವೆಂದು ನನಗೇ ಅನಿಸಿತು.

ಮಾವ ಪೂರ್ತಿ ಕೇಳಿದರು. ಅದೇ ಗುರುವಾರ ಭಟ್ಟಿಯ ಅಂಗಳದಲ್ಲಿ ಎಂಟು ಸಾವಿರ ಹಸಿ ಹೆಂಚು ಹರಡಿದ್ದೆವು ಎಂದರು. ಎತ್ತಿ ಒಳಗಿಡಿ ಎಂದು ಒಬ್ಬ ಮುದುಕಿ, ಮಣ್ಣು ಹೊರುವವಳು, ಮಧ್ಯಾಹ್ನವೇ ಹೇಳಿದ್ದಳಂತೆ. ಅವಳ ಮಾತನ್ನು ಬರೆದುಕೊಳ್ಳುವ ಪುಸ್ತಕ ಅಲ್ಲಿ ಯಾರ ಹತ್ತಿರವೂ ಇರಲಿಲ್ಲ, ಇದ್ದರೂ ನಾನು ಸೊನ್ನೆಯನ್ನೇ ಹಾಕುತ್ತಿದ್ದೆನೇನೋ ಎಂದರು. ಆಮೇಲೆ ತಟ್ಟೆಯನ್ನು ಅತ್ತೆಯ ಕಡೆ ಸರಿಸಿ, ಇನ್ನರ್ಧ ಹಾಕು ಎಂದರು.

ಆ ಮೊಳೆತ ರಾಗಿ ಯುಗಾದಿಗೆ ಹನ್ನೊಂದು ದಿನ ಮೊದಲು ಮುಗಿಯಿತು. ಮಾರನೆಯ ದಿನ ಅತ್ತೆ ವಾಡೆಯ ಮಣ್ಣು ಒಡೆದು, ಒಳಗೆ ಕೈ ಇಳಿಸಿ, ಒಂದು ಹಿಡಿ ತೆಗೆದು ಮೂಸಿ ನೋಡಿ, ಬೀಸಲು ಕೂತಳು.